ಹವಳಕ್ಕೆ ಬೇಕಾದಷ್ಟು ಹರಿವು

ಹೋದ ವಾರ ಜೆ.ಪಿ. ನಗರದಲ್ಲಿ ಅಲಂಕಾರ ಮೀನುಗಳ ಅಂಗಡಿಯೊಂದನ್ನು ದಾಟುವಾಗ ಉಪ್ಪುನೀರಿನ ವಾಸನೆ ಮೂಗಿಗೆ ಬಡಿಯಿತು. ಸಮುದ್ರವಿಲ್ಲದ ಈ ಊರಿನಲ್ಲಿ ಆ ವಾಸನೆಯನ್ನು ನಾನು ಹಿಂದೆ ಕಂಡದ್ದು ಒಂದೇ ಮನೆಯಲ್ಲಿ. ಕಾಲುಗಳು ಅಲ್ಲೇ ನಿಂತುಬಿಟ್ಟವು...

ಅರವತ್ತರ ದಶಕದ ಮಾತು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಜಯನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಮದರಾಸಿನಿಂದ ಗಾಜಿನ ಜಾಡಿಗಳಲ್ಲಿ ಸಮುದ್ರದ ನೀರನ್ನೂ ಮೂರು ತುಂಡು ಜೀವಂತ ಹವಳವನ್ನೂ ರೈಲಿನಲ್ಲಿ ತಂದು, ನಡುಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದರು. ನಿಂತ ನೀರಿನಲ್ಲಿ ಹವಳ ಬದುಕದು. ಅದಕ್ಕೆಂದೇ ಹೊಲಿಗೆ ಯಂತ್ರದ ಮೋಟಾರಿಗೆ ಮರದ ರೆಕ್ಕೆ ಕಟ್ಟಿ ನೀರನ್ನು ತಿರುಗಿಸುತ್ತಿದ್ದರು. ವೇಗ ಹೆಚ್ಚು ಕಡಿಮೆ ಮಾಡಲು ತಗಡಿನ ಪೆಟ್ಟಿಗೆಯ ಒಂದು ರೆಗ್ಯುಲೇಟರು.

ಎಷ್ಟು ವೇಗ ಸರಿ ಎಂಬುದೇ ಅವರ ಚಿಂತೆ. ಹವಳದ ಮೈತುಂಬ ಎಳ್ಳಿನಷ್ಟು ಬಾಯಿಗಳು, ಅವುಗಳ ಸುತ್ತ ಕೂದಲೆಳೆಯಂಥ ಬೆರಳುಗಳು. ಆ ಬೆರಳುಗಳು ಒಂದೇ ಕಡೆ ಬಾಗಿ ನಿಂತರೆ ಹರಿವು ಜಾಸ್ತಿ. ಮೈಮೇಲೆ ಲೋಳೆ ಕಟ್ಟಿದರೆ ಹರಿವು ಸಾಲದು. ಬಾಗಬೇಕು, ಮತ್ತೆ ಎದ್ದು ಬರಬೇಕು. ನಮ್ಮ ಬಡಾವಣೆಯ ವೋಲ್ಟೇಜು ಗಂಟೆಗೊಂದು ರೀತಿ. ಆದ್ದರಿಂದ ದಿನಕ್ಕೆ ನಾಲ್ಕು ಸಲ ಅವರು ಎಡಗೈಯಲ್ಲಿ ರೆಗ್ಯುಲೇಟರು ಹಿಡಿದು, ಬಲಗೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

"ಹೊಡೀಬಾರ್ದಪ್ಪ, ಸವರ್ಬೇಕು. ಕೈಮೇಲಿನ ಕೂದಲು ಅಲ್ಲಾಡಿದ್ರೆ ಸಾಕು."

"ನಂಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡಲ್ಲ," ಎಂದು ಅವರ ಹೆಂಡತಿ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು. "ಆ ಕಲ್ಲಿಗೆ ಮಾತ್ರ ದಿನಕ್ಕೆ ನಾಲ್ಕು ಸಲ ಉಪಚಾರ."

ಒಂದು ದಿನ ಮೇಷ್ಟ್ರು, ರೆಗ್ಯುಲೇಟರು ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ ಎಂದರು. ಪೆಟ್ಟಿಗೆಯ ಸಂದಿಯಲ್ಲಿ ಬಿಳಿಯ ಉಪ್ಪು ಕಟ್ಟಿತ್ತು.

"ಕೈ ಹಾಕೋ ಮುಂಚೆ ಸ್ವಿಚ್ ಆರ್ಸಿ ಸಾರ್," ಎಂದೆ.

"ಆರ್ಸಿದ್ರೆ ಹರಿವೆಲ್ಲಿರತ್ತೆ? ಆಮೇಲೆ ಏನ್ ನೋಡ್ಲಿ, ನಿನ್ ಮುಖಾನಾ?"

ಇಬ್ಬರೂ ನಕ್ಕೆವು. ಭೌತಶಾಸ್ತ್ರ ಓದುತ್ತಿದ್ದವನು ನಾನು.

ಎರಡು ಮನೆಗೂ ಸೇರಿ ಒಂದೇ ಪತ್ರಿಕೆ ಬರುತ್ತಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ನಾವು ಓದಿದ ಮೇಲೆ ಕೊಡಲು ಹೋದೆ. ಅವರ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಮೇಷ್ಟ್ರು ತೊಟ್ಟಿಯ ಮುಂದೆ ಬರಿಗಾಲಲ್ಲಿ ನಿಂತಿದ್ದರು. ನೆಲದ ಮೇಲೆ ನೀರು ಚೆಲ್ಲಿತ್ತು. ಕಣ್ಣು ಮುಚ್ಚಿದ್ದರಿಂದ ಹರಿವು ನೋಡುತ್ತಿದ್ದಾರೆ ಎಂದುಕೊಂಡು ಬಾಗಿಲಲ್ಲೇ ಕಾದೆ. ಎಷ್ಟು ಹೊತ್ತು ಕಾದೆನೋ... ಆಮೇಲೆ ಕಂಡಿತು. ರೆಗ್ಯುಲೇಟರು ಹಿಡಿದ ಬೆರಳುಗಳು ಬಿಳುಪೇರಿದ್ದವು. ಭುಜ ಸಣ್ಣಗೆ ಅದುರುತ್ತಿತ್ತು.

ಮುಟ್ಟಿದರೆ ನಾನೂ ಅಂಟಿಕೊಳ್ಳುತ್ತೇನೆಂದು ಗೊತ್ತಿತ್ತು. ಪ್ಲಗ್ಗು ತೊಟ್ಟಿಯ ಹಿಂದೆ, ಅವರಿಂದಾಚೆ. ಮೈನ್ ಸ್ವಿಚ್ಚು ವರಾಂಡದ ಗೋಡೆಯಲ್ಲಿ, ಕೈಗೆಟುಕದ ಎತ್ತರದಲ್ಲಿ. ಕುರ್ಚಿ ಎಳೆದು, ಹತ್ತಿ, ಹಿಡಿಕೆ ಇಳಿಸಿದೆ. ಒಳಗೆ ಅವರು ಬಿದ್ದ ಸದ್ದಾಯಿತು. ಎದುರುಮನೆಯ ಡಾಕ್ಟರು ಬಂದು ಹಿಡಿದ ಮಣಿಕಟ್ಟನ್ನು ಬಹಳ ಹೊತ್ತು ಬಿಡಲಿಲ್ಲ. ಅಷ್ಟರಲ್ಲೇ ನಮಗೆಲ್ಲ ತಿಳಿದಿತ್ತು.

ಮೂರನೆಯ ದಿನ ಹೋದಾಗ ಅವರ ಹೆಂಡತಿ ತೊಟ್ಟಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮರದ ಸೌಟಿನಿಂದ ನೀರು ತಿರುವುತ್ತಿದ್ದರು. ಮೋಟಾರನ್ನು ಯಾರೋ ನೆಂಟರು ಕಿತ್ತು ಹೊರಗೆ ಹಾಕಿದ್ದರು.

"ಇಷ್ಟು ಸಾಕೇನಪ್ಪ? ನಿಂಗೆ ಹೇಳ್ಕೊಟ್ಟಿದ್ರಲ್ಲ, ನೋಡಿ ಹೇಳು."

ಹವಳದ ಮೇಲೆ ಲೋಳೆ ಕಟ್ಟಿತ್ತು. ಬೆರಳುಗಳು ಒಂದೂ ಹೊರಗಿರಲಿಲ್ಲ. ಎರಡು ತುಂಡು ಆಗಲೇ ಸುಣ್ಣದಂತಾಗಿದ್ದವು.

"ಸಾಕಮ್ಮ," ಎಂದೆ.

ಆಕೆ ಸೌಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮತ್ತೆ ತಿರುವತೊಡಗಿದರು.

ಆಕೆಯೂ ತೀರಿಕೊಂಡು ಬಹಳ ವರ್ಷಗಳಾದವು. ನನಗೀಗ ಎಂಬತ್ತು ದಾಟಿದೆ. ಮೈನ್ ಸ್ವಿಚ್ಚಿನವರೆಗೆ ಓಡಿದ್ದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಮೇಷ್ಟ್ರಿಗೆ ತೊಂದರೆಯಾಗದಿರಲಿ ಎಂದು ಪತ್ರಿಕೆಯನ್ನು ಸದ್ದಾಗದಂತೆ ಹಿಡಿದು ಬಾಗಿಲಲ್ಲಿ ನಿಂತದ್ದು ಮಾತ್ರ ಬರುತ್ತದೆ. ಅವತ್ತು ನೀನು ಎಷ್ಟೊತ್ತಿಗೆ ಬಂದೆ ಎಂದು ಆಕೆ ಒಮ್ಮೆಯೂ ಕೇಳಲಿಲ್ಲ.