ಅರ್ಧ ಮೀಸೆಯ ಪುರಾವೆ

ಮೀಸೆಯ ಬಗ್ಗೆ ಕಾಯಿದೆಯಲ್ಲಿ ಒಂದು ಕಲಮೂ ಇಲ್ಲ. ಕೈ ಮುರಿದರೆ ಕಲಮು ಇದೆ, ಹಲ್ಲು ಉದುರಿಸಿದರೆ ಇದೆ, ಪಕ್ಕದವನ ಬೇಲಿ ಕಿತ್ತರೂ ಇದೆ. ಒಬ್ಬ ಮನುಷ್ಯನನ್ನು ಠಾಣೆಯಲ್ಲಿ ಕೂಡಿಹಾಕಿ, ಅವನ ಮೀಸೆಯನ್ನು ಒಂದು ಬದಿ ಮಾತ್ರ ಬೋಳಿಸಿ ಹೊರಗೆ ಬಿಟ್ಟರೆ ಅದಕ್ಕೆ ಯಾವ ಕಲಮು ಹಚ್ಚಬೇಕು? ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಶುಕ್ರವಾರ, ಜುಮ್ಮಾ ನಮಾಜನ್ನೂ ತಪ್ಪಿಸಿ, ಜೋರಾಪುರ ಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನಾನು ಪುಸ್ತಕಗಳನ್ನು ತಿರುವಿಹಾಕಿದೆ. ಕೊನೆಗೆ ಅಕ್ರಮ ಬಂಧನ, ಬಲಪ್ರಯೋಗ ಎಂದು ಹೇಗೋ ಜಗ್ಗಿ ಹೊಂದಿಸಿದೆ.

ಈಗ ಸಭೆಗಳಲ್ಲಿ ನನಗೆ ಶಾಲು ಹೊದಿಸುತ್ತಾರೆ. ಪೊಲೀಸರಿಗೆ ನೀರು ಕುಡಿಸಿದ ವಕೀಲರು ಎಂದು ಮೈಕಿನಲ್ಲಿ ಹೇಳುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ನೋಡಿದವರು ಅದನ್ನು ವಿನಯ ಎಂದುಕೊಳ್ಳುತ್ತಾರೆ. ನನ್ನ ಸ್ವಭಾವದಲ್ಲಿ ವಿನಯ ಎಂಬುದು ಎಂದೂ ಇರಲಿಲ್ಲ, ಬೇಕಾದರೆ ಹೆಂಡತಿಯನ್ನು ಕೇಳಿ. ಅದು ನಾಚಿಕೆ. ಗೆದ್ದ ಖಟ್ಲೆಗಳ ಪಟ್ಟಿ ಓದುವಾಗ ನನಗೆ ನೆನಪಾಗುವುದು ನಡೆಯದೇ ಹೋದ ಒಂದು ಖಟ್ಲೆ.

ಆಗ ಊರನ್ನು ನಾವು ಬಿಜಾಪುರ ಎನ್ನುತ್ತಿದ್ದೆವು. ಸುತ್ತಲಿನ ಠಾಣೆಗಳಲ್ಲಿ ಚಾಪ್ಟರ್ ಕೇಸ್ ಎಂಬುದೊಂದು ಸುಲಭದ ಆಯುಧವಿತ್ತು. ಅದಕ್ಕೆ ಅಪರಾಧ ನಡೆಯಬೇಕೆಂದೇನೂ ಇಲ್ಲ. ಮುಂದೆ ನೀನು ಅಪರಾಧ ಮಾಡಬಹುದು ಎಂದು ಠಾಣೆಯ ಅಧಿಕಾರಿಯಾದ ಫೌಜದಾರನಿಗೆ ಅನ್ನಿಸಿದರೆ ಸಾಕು, ಹಿಡಿದು ತಂದು ತಹಶೀಲ್ದಾರರ ಮುಂದೆ ನಿಲ್ಲಿಸಿ ಮುಚ್ಚಳಿಕೆ ಬರೆಸುತ್ತಿದ್ದ. ಸಿಗುತ್ತಿದ್ದವರು ಕುರಿಯ ಹಿಂದೆ ತಿರುಗುವವರು, ಸಂತೆಯಿಂದ ಸಂತೆಗೆ ಹೋಗುವವರು, ಜಾಮೀನಿಗೆ ಯಾರೂ ಇಲ್ಲದವರು. ಇಂಥ ಕೇಸುಗಳನ್ನು ನಾನು ಹುಡುಕಿಕೊಂಡು ಹೋಗಿ ಹಿಡಿಯುತ್ತಿದ್ದೆ. ಬಾರ್ ರೂಮಿನಲ್ಲಿ ನನಗೆ 'ಫೌಜದಾರನ ಸವತಿ' ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ ಸಿಟ್ಟು ಬಂದಂತೆ ತೋರಿಸಿಕೊಂಡರೂ ಒಳಗೊಳಗೆ ಖುಷಿಪಡುತ್ತಿದ್ದೆ.

ಆ ಶುಕ್ರವಾರ ಬೆಳಿಗ್ಗೆ ಬಂದವನು ಮೂಗಿನಿಂದ ಕೆಳಗೆ ಟವೆಲ್ಲು ಸುತ್ತಿಕೊಂಡಿದ್ದ. ಕನಮಡಿ ಕಡೆಯ ಕುರಿಗಾರ, ಮೂವತ್ತರ ಆಸುಪಾಸಿನ ಗಟ್ಟಿ ಆಳು. ಹಲ್ಲು ನೋವಿರಬೇಕೆಂದು ತಿಳಿದೆ.

"ಬಿಚ್ಚಿ ಮಾತಾಡೋ ಮಾರಾಯಾ, ಏನೂ ತಿಳಿವಲ್ದು" ಎಂದೆ.

"ಮೊದಲ ಬಾಗಲಾ ಹಾಕ್ರಿ ಸಾಹೇಬ್ರ."

ಬಾಗಿಲು ಹಾಕಿದ ಮೇಲೆ ಬಿಚ್ಚಿದ. ಎಡಗಡೆ ಹುರಿಗೊಳಿಸಿದ ದಪ್ಪ ಮೀಸೆ. ಬಲಗಡೆ ಬೋಳು, ಅದರ ಮೇಲೆ ಕತ್ತಿ ತಾಗಿದ ಗೀರುಗಳು. ಅವನು ಕಣ್ಣು ಕೆಳಗೆ ಹಾಕಿಕೊಂಡು ನಿಂತಿದ್ದ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಇದು: "ಮುಟ್ಟಬ್ಯಾಡ! ಹಿಂಗ ಇರ್ಲಿ!"

ಖುಷಿಯಿಂದ ಕೂಗಿದೆ ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ವರ್ಷಗಟ್ಟಲೆ ನನ್ನ ಕಕ್ಷಿಗಾರರು ಗುರುತು ಉಳಿಯದ ಹಾಗೆ ಏಟು ತಿಂದು ಬಂದಿದ್ದರು. ಗಾಯ ಎಲ್ಲಿ, ತೋರಿಸಿ ಎಂದು ಕೋರ್ಟು ಕೇಳಿದಾಗಲೆಲ್ಲ ನಾನು ಬರಿಗೈಯಲ್ಲಿ ನಿಂತಿದ್ದೆ. ಈಗ ಪುರಾವೆ ಮುಖದ ಮೇಲೆಯೇ ಬಂದಿತ್ತು.

ನಡೆದದ್ದನ್ನು ಅವನು ಹೇಳಿದ. ಎರಡು ಟಗರು ಹೊಡೆದುಕೊಂಡು ಬಬಲೇಶ್ವರದ ಸಂತೆಗೆ ಹೊರಟಿದ್ದನಂತೆ. ತಿಕೋಟಾ ದಾಟಿ ಬರುವಾಗ ದಾರಿಯಲ್ಲಿ ಜೀಪು ನಿಂತಿತು. ಟಗರು ಯಾರವು, ಖರೀದಿ ಚೀಟಿ ತೋರಿಸು ಎಂದರು.

"ನನ್ನ ಕುರಿ ಈದ ಮರಿಗಿ ಚೀಟಿ ಎಲ್ಲಿಂದ ತರ್ಲ್ರೀ ಅಂದೆ. ಅಷ್ಟ ಅಂದದ್ದು. ಮಾತಾಡುವಾಗ ಕೈ ಮೀಸಿ ಮ್ಯಾಲ ಹೋತ್ರಿ, ರೂಢಿ. ನನ್ನ ಮುಂದ ಮೀಸಿ ತಿರವತಿ ಏನಲೇ ಅಂದ್ರು ಫೌಜದಾರ್ರು."

ಒಂದು ಠಾಣೆಗೆ ಒಯ್ದರು. ಯಾವ ಠಾಣೆ ಎಂದು ಬರೆಯುವುದಿಲ್ಲ. ಇಬ್ಬರು ಹಿಡಿದುಕೊಂಡರು, ಒಬ್ಬ ಬೋಳಿಸಿದ. ಎರಡು ಮೂರು ದಿನ ಇಟ್ಟುಕೊಂಡು, ಚಾಪ್ಟರ್ ಕೇಸಿನ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಿಟ್ಟರು. ಇನ್ನೊಂದು ಬದಿಯನ್ನು ನೀನೇ ಯಾಕೆ ತೆಗೆಸಲಿಲ್ಲ ಎಂದು ನಾನು ಕೇಳಿದೆ, ಕೋರ್ಟಿನಲ್ಲಿ ಕೇಳುತ್ತಾರೆಂದು.

"ಹ್ಯಾಂಗ ತಗಸ್ಲ್ರಿ? ನಮ್ಮಪ್ಪ ಇನ್ನಾ ಅದಾನ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಅವರ ಮಂದಿಯಲ್ಲಿ ಗಂಡಸು ಮೀಸೆ ತೆಗೆಸುವುದು ತಂದೆ ಸತ್ತಾಗ. ಬೋಳು ತುಟಿಯಲ್ಲಿ ಊರು ಹೊಕ್ಕರೆ ಅವನು ಮನೆ ಮುಟ್ಟುವುದರೊಳಗೆ ಹೆಂಗಸರು ಅಳುತ್ತ ಬಾಗಿಲಿಗೆ ಬರುತ್ತಾರೆ. ಅಪ್ಪ ಬದುಕಿರುವಾಗಲೇ ಮೀಸೆ ತೆಗೆಸಿದರೆ ಅವನ ಸಾವನ್ನು ಕರೆದಂತೆ. ಅರ್ಧ ಮೀಸೆಯಲ್ಲೋ ಊರು ಹೊಗುವಂತೆಯೇ ಇಲ್ಲ. ಹೀಗಾಗಿ ಅವನು ಬಿಡುಗಡೆಯಾದಾಗಿನಿಂದ ಊರ ಹೊರಗೆ ಜಾಲಿಕಂಟಿಗಳ ಮರೆಯಲ್ಲಿ ದಿನ ಕಳೆದಿದ್ದ. ಮನೆಗೆ ಹೋಗಬೇಕು, ಆದರೆ ಅಪ್ಪನಿಗೆ ಯಾವ ಮುಖ ತೋರಿಸಬೇಕು ಎಂಬುದೊಂದೇ ಅವನ ಚಿಂತೆ. ಅದನ್ನೆಲ್ಲ ಕೇಳಿ ನನಗೆ ಅನ್ನಿಸಿದ್ದೇನೆಂದರೆ, ಸದ್ಯ, ಇವನು ತಾನಾಗಿ ಬೋಳಿಸಿಕೊಳ್ಳುವುದಿಲ್ಲ.

ಪುರಾವೆ ಗಟ್ಟಿ ಮಾಡಲು ಒಬ್ಬ ಡಾಕ್ಟರರ ಬಳಿ ಕರೆದೊಯ್ದೆ. ಅವರು ಮುಖ ನೋಡಿ, "ಕೂದಲಾ ಗಾಯ ಅಲ್ಲ ವಕೀಲರ, ನಾ ಏನಂತ ಬರ್ಕೊಡ್ಲಿ?" ಎಂದರು. ಫೋಟೋ ಸ್ಟುಡಿಯೋದ ಬಾಗಿಲವರೆಗೆ ಬಂದವನು ಹೊಸ್ತಿಲು ದಾಟಲೊಲ್ಲ. "ಫೋಟೋ ಬ್ಯಾಡ್ರಿ. ಅದು ನನ್ನ ಮಕ್ಕಳ ಕಾಲಕ್ಕೂ ಉಳೀತೈತಿ" ಎಂದ. ಮ್ಯಾಜಿಸ್ಟ್ರೇಟರು ರಜೆಯ ಮೇಲಿದ್ದರು, ಸೋಮವಾರ ಬರುವವರಿದ್ದರು. ಅಲ್ಲಿಯವರೆಗೆ ಅವನನ್ನು ನಮ್ಮ ಮನೆಯಲ್ಲೇ ಇಟ್ಟುಕೊಂಡೆ.

ನಮ್ಮ ಅಮ್ಮಿ ಪರ ಗಂಡಸರ ಎದುರು ಬರುವವಳಲ್ಲ. ಒಳಬಾಗಿಲಿಗೆ ಸದಾ ಒಂದು ಪರದೆ ಇರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಕೈಲಿ ಕೊಟ್ಟು ಕಳಿಸಿದಳು. ನಮ್ಮ ಮನೆಯದನ್ನು ಉಣ್ಣುತ್ತಾನೋ ಇಲ್ಲವೋ ಎಂಬ ಅನುಮಾನ ನನಗಿತ್ತು. "ಕುರಿ ಹಿಂದ ತಿರಗೋರಿಗೆ ಯಾರ ಮನಿ ರೊಟ್ಟಿ ಆದ್ರೇನ್ರಿ" ಎಂದ, ಆದರೆ ತಾಟು ಹಾಗೇ ಇತ್ತು. ನಾನು ಎದುರಿಗೆ ಕುಳಿತು ಫಿರ್ಯಾದಿ ಬರೆಯುವುದರಲ್ಲಿ ಮುಳುಗಿದ್ದೆ. ಉಣ್ಣಬೇಕಾದರೆ ಅವನು ಟವೆಲ್ಲು ಬಿಚ್ಚಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಅಮ್ಮಿಗೆ ಹೊಳೆಯಿತು. ಒಳಬಾಗಿಲಿನ ಪರದೆಯನ್ನೇ ಬಿಚ್ಚಿಸಿ, ಮುಂದಿನ ಕೋಣೆಯ ಮೂಲೆಗೆ ಅಡ್ಡ ಕಟ್ಟಿಸಿದಳು. ಸೋಮವಾರದವರೆಗೆ ತಾನು ಅಡಿಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅವನು ಪರದೆಯ ಹಿಂದೆ ಕುಳಿತು ಉಂಡ.

ಸೋಮವಾರ ಕೋರ್ಟಿನಲ್ಲಿ ಎಂದಿಗಿಂತ ಹೆಚ್ಚು ಜನ. ಯಾರೋ ಸುದ್ದಿ ಹಬ್ಬಿಸಿದ್ದರು. ವಕೀಲರ ಬೆಂಚುಗಳು ತುಂಬಿದ್ದವು, ತಮ್ಮ ಕೇಸು ಇಲ್ಲದವರೂ ಬಂದು ಕುಳಿತಿದ್ದರು. ಹೆಸರು ಕೂಗಿದರು. ಅವನು ಕಟಕಟೆ ಹತ್ತಿದ.

"ಬಾಯಿಗೆ ಕಟ್ಟಿದ್ದು ಬಿಚ್ಚಪ್ಪ" ಎಂದರು ಮ್ಯಾಜಿಸ್ಟ್ರೇಟರು.

ಅವನು ನನ್ನ ಮುಖ ನೋಡಿದ. ನಾನು ಹೂಂ ಎಂದು ತಲೆಯಾಡಿಸಿದೆ. ಬಿಚ್ಚಿದ.

ಮೊದಲು ಹಿಂದಿನ ಬೆಂಚಿನಿಂದ ಒಂದು ನಗು ಬಂತು, ತಡೆಯಲು ಹೋಗಿ ಮೂಗಿನಿಂದ ಸಿಡಿದ ನಗು. ಆಮೇಲೆ ಇಡೀ ಕೋರ್ಟೇ ನಕ್ಕಿತು. ಗುಮಾಸ್ತ ನಕ್ಕ, ಬಾಗಿಲಲ್ಲಿದ್ದ ಪೇದೆ ನಕ್ಕ. ಮ್ಯಾಜಿಸ್ಟ್ರೇಟರು ಕಾಗದಗಳ ಮೇಲೆ ಬಗ್ಗಿದರು, ಅವರ ಭುಜಗಳು ಅಲುಗುವುದು ಕಾಣುತ್ತಿತ್ತು. ನಕ್ಕವರೆಲ್ಲ ನನಗೆ ಗೊತ್ತಿದ್ದವರೇ. ಅವರ ಜೊತೆ ನಾನು ದಿನಾ ಚಹಾ ಕುಡಿಯುತ್ತಿದ್ದೆ, ಅವರ ಮನೆಯ ಮದುವೆಗಳಲ್ಲಿ ಉಂಡಿದ್ದೆ. ಕೆಟ್ಟವರು ಎಂದುಬಿಟ್ಟರೆ ನನಗೆ ಹಗುರವಾಗುತ್ತಿತ್ತು, ಆದರೆ ಅವರು ಕೆಟ್ಟವರಲ್ಲ. ನಾನೊಬ್ಬ ನಗಲಿಲ್ಲ. ಅವನನ್ನು ಆ ನಗುವಿನ ಮುಂದೆ ತಂದು ನಿಲ್ಲಿಸಿದವನು ಮಾತ್ರ ನಾನೇ.

ನಗು ಇಳಿದ ಮೇಲೆ ಮ್ಯಾಜಿಸ್ಟ್ರೇಟರು ಕನ್ನಡಕ ಸರಿಪಡಿಸಿಕೊಂಡು, "ಕರ್ತವ್ಯದ ಮೇಲಿದ್ದ ಪೊಲೀಸ್ ಅಧಿಕಾರಿಯ ಮೇಲೆ ಖಟ್ಲೆ ಹೂಡಲು ಸರ್ಕಾರದ ಮಂಜೂರಿ ಬೇಕಲ್ಲ, ಎಲ್ಲಿದೆ?" ಎಂದರು. ಅಂಥದೊಂದು ಕಾಯಿದೆ ಇತ್ತು. ಹೊಡೆದವರ ಯಜಮಾನನ ಬಳಿ ಹೋಗಿ, ಇವರ ಮೇಲೆ ದೂರು ಕೊಡಲೇ ಎಂದು ಏಟು ತಿಂದವನು ಕೇಳಿಕೊಳ್ಳಬೇಕು. ನನ್ನ ಸಿಟ್ಟು ನೆತ್ತಿಗೇರಿತು.

"ಮೀಸೆ ಬೋಳಿಸುವುದು ಫೌಜದಾರರ ಕರ್ತವ್ಯವೇ ಸ್ವಾಮಿ? ಹಾಗಿದ್ದರೆ ಇಲಾಖೆಯಿಂದ ಅವರಿಗೆ ಕತ್ತಿ, ಸಾಬೂನು ಕೊಡುವ ಏರ್ಪಾಡಾಗಲಿ" ಎಂದೆ.

ಮತ್ತೆ ನಗು. ಈ ಸಲ ಅದು ನನ್ನ ಮಾತಿಗೆ ಬಿದ್ದ ನಗು, ಒಂದು ಗಳಿಗೆ ಹಿತವೆನಿಸಿತು. ತಿರುಗಿ ನೋಡಿದರೆ ಅವನು ಅದೇ ಮುಖದಲ್ಲಿ, ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ, ಕಟಕಟೆಯಲ್ಲಿ ನಿಂತಿದ್ದ. ನನ್ನ ಚಾತುರ್ಯದ ಮೇಲೆ ನನಗೇ ಹೇಸಿಗೆಯಾಯಿತು.

ಮಂಜೂರಿಯ ಪ್ರಶ್ನೆ ಮೊದಲು ತೀರ್ಮಾನವಾಗಲಿ, ಹೇಳಿಕೆ ಆಮೇಲೆ ಎಂದು ಹದಿನೈದು ದಿನ ಮುಂದೆ ತಾರೀಖು ಕೊಟ್ಟರು. ಕಣ್ಣಿಗೆ ಕಂಡದ್ದನ್ನಾದರೂ ಈಗಲೇ ಬರೆದುಕೊಳ್ಳಿ, ಅಷ್ಟರಲ್ಲಿ ಮೀಸೆ ಬೆಳೆದುಬಿಡುತ್ತದೆ ಎಂದು ಬೇಡಿಕೊಂಡೆ. "ಬೆಳೆದರೆ ಒಳ್ಳೆಯದೇ ಆಯಿತಲ್ಲ" ಎಂದು ಅವರು ಮುಂದಿನ ಕೇಸು ಕರೆದರು.

ಹೊರಗೆ ಬಂದು ಅವನಿಗೆ ತಿಳಿಸಿ ಹೇಳಿದೆ. ಬೋಳಾದ ಬದಿ ಸಣ್ಣಗೆ ಬಂದರೂ ಇನ್ನೊಂದು ಬದಿಯ ಸಮಕ್ಕೆ ಬರುವುದಿಲ್ಲ, ವ್ಯತ್ಯಾಸ ಕಾಣುತ್ತದೆ. ಎರಡನ್ನೂ ಮುಟ್ಟದೆ ನಮ್ಮ ಮನೆಯಲ್ಲೇ ಇರು ಎಂದೆ. ಅವನು ಹೂಂ ಎಂದ. ಇದ್ದೇ ಇರುತ್ತಿದ್ದ ಎಂಬುದು ನನಗೆ ಈಗಲೂ ಖಾತ್ರಿ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬ ಮುದುಕ ಬಂದ. ಹೆಗಲ ಮೇಲೆ ಕಂಬಳಿ, ಮುಖದ ತುಂಬ ಬಿಳಿಯ ಮೀಸೆ. ಮಗನನ್ನು ಪೇಟೆಯಲ್ಲಿ ಕಂಡ ಊರವನೊಬ್ಬ ಹೇಳಿದ್ದನಂತೆ. ಮುದುಕ ತಿಕೋಟಾದವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಬಂದಿದ್ದ. ಮಗ ಅಪ್ಪನನ್ನು ಕಂಡವನೇ ಟವೆಲ್ಲು ಸುತ್ತಿಕೊಂಡು ಗೋಡೆಯ ಕಡೆ ತಿರುಗಿದ. ಮುದುಕ ಹತ್ತಿರ ಬಂದು, ಅವನ ಗದ್ದ ಹಿಡಿದು ತಿರುಗಿಸಿ, ತಾನೇ ಬಿಚ್ಚಿ ನೋಡಿದ.

"ಹಿಂಗ ಯಾಕ ಇಟಗೊಂಡು ತಿರಗಾಕತ್ತಿ?"

"ವಕೀಲ್ರು ಪುರಾವೆ ಅಂದ್ರು. ಮ್ಯಾಲ ನೀ ಅದಿ ಯಪ್ಪಾ, ಹ್ಯಾಂಗ ತಗಸ್ಲಿ?"

"ಒಳಗ ಮಂದಿ ನಕ್ರಂತ?"

ಬಾರ್ ರೂಮಿನ ಕಿಟಕಿಯಿಂದ ಇನ್ನೂ ಇಬ್ಬರು ಇಣುಕುತ್ತಿದ್ದರು. ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಕ್ಷೌರದವನು ಕುಳಿತಿರುತ್ತಿದ್ದ. ಮುದುಕ ಮಗನ ರಟ್ಟೆ ಹಿಡಿದು ಅಲ್ಲಿಗೆ ಕರೆದುಕೊಂಡು ಹೊರಟ.

"ಬ್ಯಾಡೋ ಯಪ್ಪಾ" ಎಂದ ಮಗ. "ನಿನಗ ಏನರ ಆದ್ರ? ಊರಾಗ ಏನಂತ ತಿಳಕೋತಾರ?"

"ಊರಿಗಿ ನಾ ಮುಂದ ನಡೀತೇನಿ, ನೀ ನನ್ನ ಹಿಂದ ಬಾ. ನೋಡಿದವ್ರು ನನ್ನ ಕೇಳ್ಲಿ."

ಆಮೇಲೆ ನನ್ನ ಕಡೆ ತಿರುಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಸಾಹೇಬ್ರ, ಇದರಿಂದ ನಿಮ್ಮ ಕೆಲಸ ಏನರ ಕೆಡತೈತೇನ್ರಿ?"

ಕೆಡುತ್ತಿತ್ತು. ಪೂರಾ ಕೆಡುತ್ತಿತ್ತು. ಇಷ್ಟು ದಿನ ಕಾದಿಟ್ಟ ಪುರಾವೆ ಆ ಮರದ ಕೆಳಗೆ ಮಣ್ಣಿಗೆ ಬೀಳುತ್ತಿತ್ತು. ಆ ಮುದುಕನ ಮುಂದೆ ನಿಂತೂ ನಾನು ಒಂದು ಕ್ಷಣ ಅದನ್ನೇ ಲೆಕ್ಕ ಹಾಕಿದೆ.

"ಏನೂ ಕೆಡಂಗಿಲ್ರಿ" ಎಂದೆ.

ಮಗ ಮಣೆಯ ಮೇಲೆ ಕುಳಿತ. ಕ್ಷೌರದವನು ನೀರು ಹಚ್ಚಿ, ಕತ್ತಿ ಮಸೆದು, ಮೀಸೆ ತೆಗೆಸಲು ಬಂದ ಎಲ್ಲರನ್ನೂ ಕೇಳುವಂತೆ ಮೆಲ್ಲಗೆ ಕೇಳಿದ.

"ತಂದಿಯವರು ಎಂದ ಹೋದ್ರಪಾ?"

ಮುದುಕ ಕಂಬಳಿ ಕೆಳಗಿಟ್ಟು ಮಗನ ಪಕ್ಕದಲ್ಲೇ ನೆಲದ ಮೇಲೆ ಕುಳಿತ.

"ನಾನ ಅವರಪ್ಪ" ಎಂದ. "ತಗಿ ನೀ."

ಕ್ಷೌರದವನು ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ಕತ್ತಿ ಆಡಿ ಮುಗಿಯುವವರೆಗೂ ಮಗ ಕಣ್ಣು ಮುಚ್ಚಿಕೊಂಡು ಅಪ್ಪನ ಪಾದವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.