ನಿಂತು ಉಣ್ಣುವ ಪತ್ತೇದಾರ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾವು ತಮಿಳು ಸೀಮೆಯಲ್ಲೇ ನೆಲೆನಿಂತ ಕನ್ನಡದ ನೇಕಾರರು; ಅಪ್ಪ ಅಮ್ಮ ಸೀರೆ ನೇಯ್ದು ಓದಿಸಿದರು. ಎಂಬತ್ತರ ದಶಕದಲ್ಲಿ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇಂಗ್ಲಿಷ್ ಕಾಗದ ಬರೆಯುವ ಕೆಲಸ ಸಿಕ್ಕಿತು. ಒಂದು ಕೋಣೆ ಹಿಡಿದು ಒಬ್ಬನೇ ಇದ್ದೆ. ವಾರವಿಡೀ ತಮಿಳು, ಕನ್ನಡ ಆಡುತ್ತಿದ್ದದ್ದು ಊರಿಗೆ ಹೋದಾಗ ಮಾತ್ರ.

ಒಂದು ಭಾನುವಾರ ಕೊಯಮತ್ತೂರಿಗೆ ಹೋಗಿ ಇಂಗ್ಲಿಷ್ ಪತ್ತೇದಾರಿ ಸಿನಿಮಾ ನೋಡಿದೆ. ಒಬ್ಬ ಶ್ರೀಮಂತ, ಓಡಿಹೋದ ತನ್ನ ಮಗಳನ್ನು ಹುಡುಕಿಕೊಡಲು ಪತ್ತೇದಾರನನ್ನು ನೇಮಿಸುತ್ತಾನೆ. ಹುಡುಕಿದ ಮೇಲೆ ಅವಳು, ಸಿಗಲಿಲ್ಲ ಅಂದುಬಿಡಿ ಎನ್ನುತ್ತಾಳೆ. ಅವನು ಹಾಗೇ ಹೇಳುತ್ತಾನೆ. ಅವನು ಗೆದ್ದದ್ದು ಯಾರಿಗೂ ತಿಳಿಯುವುದಿಲ್ಲ.

ನನ್ನನ್ನು ಹಿಡಿದದ್ದು ಕಥೆಯಲ್ಲ. ಅವನು ಮನೆಗೆ ಬಂದು, ದೀಪ ಹಾಕದೆ, ಕೋಟೂ ಬಿಚ್ಚದೆ, ನಿಂತೇ ಬ್ರೆಡ್ ತಿನ್ನುತ್ತಾನೆ. ಎದುರಂಗಡಿಯ ಬೋರ್ಡಿನ ಕೆಂಪು ಬೆಳಕು ಮುಖದ ಮೇಲೆ ಬಂದು ಬಂದು ಹೋಗುತ್ತದೆ. ಬೇರೆ ಸಿನಿಮಾದವರಾಗಿದ್ದರೆ ಅಲ್ಲೊಂದು ಶೋಕದ ಹಾಡು ಇಡುತ್ತಿದ್ದರು. ಇಲ್ಲಿ ಅವನು ಅಗಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಯಾರೋ ನನ್ನ ಕೋಣೆಯನ್ನು ನೋಡಿಕೊಂಡು ಹೋಗಿ ತೆಗೆದಂತಿತ್ತು.

ಕಂಪನಿಯಲ್ಲಿ ಹೇಳಹೊರಟೆ. ಪ್ಯಾಕಿಂಗ್‌ನವನೊಬ್ಬ ತಮಿಳಿನಲ್ಲಿ ಕೇಳಿದ: “ಫೈಟ್ ಎಷ್ಟು, ಬಿ.ಎ. ಸಾರ್?”

“ಒಂದೂ ಇಲ್ಲ.”

“ಅದಕ್ಕೆ ಬಸ್ ಚಾರ್ಜು ಬೇರೆಯಾ!” ಎಲ್ಲರೂ ನಕ್ಕರು.

ಮುಂದಿನ ವಾರ ಊರಿಗೆ ಹೋದೆ. ನೋಡಿಬಂದ ಸಿನಿಮಾವನ್ನು ಮಗ್ಗದ ಪಕ್ಕ ಕೂತು ಪೂರ್ತಿ ಹೇಳುವುದು ನಮ್ಮಲ್ಲಿ ರೂಢಿ. ಕೆಲಸ ಬಿಟ್ಟು ಎಲ್ಲರೂ ಹೋಗಲಾಗುತ್ತದೆಯೇ? ಅಪ್ಪ ನೇಯುತ್ತಿದ್ದ, ಅಮ್ಮ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ತಿರುಪ್ಪೂರಿನಲ್ಲಿ ಒಬ್ಬನೇ ಇರಲಾಗುತ್ತಿಲ್ಲ ಎನ್ನುವುದನ್ನೂ ಇದೇ ನೆಪದಲ್ಲಿ ಹೇಳಿಬಿಡಬೇಕೆಂದುಕೊಂಡಿದ್ದೆ.

ಬ್ರೆಡ್ ತಿನ್ನುವ ಜಾಗಕ್ಕೆ ಬಂದಾಗ ಅಮ್ಮನ ರಾಟೆ ನಿಂತಿತು.

“ಪಾವಂ, ಅವನಿಗೆ ಸಾಪಾಟು ಹಾಕಕ್ಕೆ ಯಾರೂ ಇಲ್ವಾ?”

“ಇಲ್ಲಮ್ಮ.”

“ನೀನು ಅಲ್ಲಿ ಕೂತ್ಕೊಂಡು ತಾನೇ ಉಣ್ಣದು?”

ಅಪ್ಪ ಮಗ್ಗದಿಂದಲೇ ನಕ್ಕ. “ಏಯ್, ಅವನು ಆಫೀಸರು ಕಣೇ. ಟೇಬಲ್ ಹಾಕ್ಕೊಂಡು ಉಣ್ತಾನೆ.”

ಆ ದನಿಯಲ್ಲಿದ್ದ ಹೆಮ್ಮೆ ಮನೆಯನ್ನೆಲ್ಲ ತುಂಬಿಕೊಂಡಿತು. ನನ್ನ ಕೋಣೆಯಲ್ಲಿ ಟೇಬಲ್ ಇರಲಿಲ್ಲ.

“ಕೂತೇ ಉಣ್ತೀನಮ್ಮ,” ಎಂದೆ.

ರಾಟೆ ಮತ್ತೆ ತಿರುಗಿತು. “ಸರಿ, ಅಪ್ಪುರ? ಆಮೇಲೆ ಆ ಹೆಣ್ಣು ಸಿಕ್ತಾ?”

ಸಿನಿಮಾದಲ್ಲಿ ಉಳಿದದ್ದನ್ನಷ್ಟೇ ಹೇಳಿದೆ. ಪತ್ತೇದಾರ ಆ ತಂದೆಯೆದುರು ನಿಂತು, ಸಿಗಲಿಲ್ಲ ಎಂದು ಹೇಳಿ ಹೊರಟುಹೋಗುವಾಗ ಅಪ್ಪನ ಲಾಳಿ ಓಡುತ್ತಲೇ ಇತ್ತು.