ಹದಿನೆಂಟು ಮೀಟರಿನಾಚೆಯ ಗುರುವಾರ

ಬೆಳಗಿನ ಐದೂಮುಕ್ಕಾಲು. ಹೆದ್ದಾರಿಯ ತಪಾಸಣಾ ಗೇಟಿನಲ್ಲಿ ಲಾರಿಯೊಂದು ಉಸ್ಸೆಂದು ನಿಲ್ಲುತ್ತದೆ. ಮುಂದಿನ ಬಂಪರಿಗೆ ಟೇಪಿನ ಕೊಂಡಿ ಸಿಕ್ಕಿಸಿ, ಟೇಪಕ್ಕ ಬಾಲದ ತನಕ ನಡೆದು ಬಗ್ಗಿ ನೋಡುತ್ತಾರೆ.

"ಅಕ್ಕ, ನನ್ನ ಮದ್ವೇಲೂ ಯಾರೂ ಇಷ್ಟು ಅಳೆದೂ ಸುರಿದೂ ನೋಡಿರ್ಲಿಲ್ಲ!" ಚಾಲಕ ಛೇಡಿಸುತ್ತಾನೆ.

"ನೋಡಿದ್ರೆ ನಿಂಗ್ಯಾರು ಹೆಣ್ಣು ಕೊಡ್ತಿದ್ರು? ಹದಿನೇಳು ಮೀಟರು ಇಪ್ಪತ್ತು. ಹೊರಡು."

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಒಂದು ಪಾಳಿಗೆ ತೊಂಬತ್ತು ಲಾರಿ, ತೊಂಬತ್ತು ಸಲ ಬಗ್ಗುವುದು. ಮಂಡಿ ಎಂದೋ ಮುಷ್ಕರ ಹೂಡಿದೆ. ಎಲ್ಲರಿಗೂ ಅವರು ಟೇಪಕ್ಕ, ಸ್ವಂತ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು.

ಅವರ ಯಜಮಾನರೂ ಲಾರಿ ಚಾಲಕರೇ. ಪ್ರತಿ ಗುರುವಾರ ಬೆಳಿಗ್ಗೆ ಇದೇ ಗೇಟಿಗೆ ಬರುತ್ತಿದ್ದರು. ಬೇರೆಯವರ ಲಾರಿಗೆ ನಾಲ್ಕು ನಿಮಿಷ, ಅವರದಕ್ಕೆ ಹನ್ನೆರಡು. ತೂಕದ ಗುಮಾಸ್ತರು ಕಿಟಕಿಯಿಂದ, "ಏನಕ್ಕಾ, ಗಾಡಿ ಬೆಳೀತಿದ್ಯಾ?" ಎಂದು ಕೂಗುತ್ತಿದ್ದರಂತೆ. ಹಾಗೆಂದು ಲೆಕ್ಕದಲ್ಲಿ ದಾಕ್ಷಿಣ್ಯವಿಲ್ಲ. ಒಮ್ಮೆ ಗಂಡನ ಲಾರಿಯ ಸರಕು ಒಂದು ಗೇಣು ಆಚೆ ಚಾಚಿತ್ತೆಂದು ಪಕ್ಕಕ್ಕೆ ನಿಲ್ಲಿಸಿಯೇಬಿಟ್ಟರು. "ಮತ್ತೆ ಕಟ್ಟೋಕೆ ಮೂರು ಗಂಟೆ ಹಿಡೀತು. ಅವ್ರು ಉರಿದುಬಿದ್ರು. ನಂಗೆ ಮಾತ್ರ ಹಬ್ಬ, ಎದುರಿಗೇ ಇದ್ರಲ್ಲ!"

ಈ ವರ್ಷ ಹೊಸ ನಿಯಮ ಬಂದಿದೆ. ಇಪ್ಪತ್ತೆರಡು ಮೀಟರಿನ ಭಾರೀ ಟ್ರೈಲರುಗಳಿಗೆ ಅನುಮತಿ ಸಿಕ್ಕಿದೆ. ಆದರೆ ಹದಿನೆಂಟು ದಾಟಿದ್ದೆಲ್ಲ ಊರಾಚೆಯ ರಸ್ತೆ ಹಿಡಿಯಬೇಕು. ಯಜಮಾನರ ಕೈಗೀಗ ಅಂಥದೇ ಟ್ರೈಲರು ಬಂದಿದೆ. ಟೇಪಕ್ಕ ದನಿ ದಪ್ಪ ಮಾಡಿ ಗಂಡನನ್ನು ಅಣಕಿಸುತ್ತಾರೆ: "'ಇದು ಗಾಡಿಯಲ್ಲ ಕಣೇ, ಬೀದಿ! ಬಾಲ ತಿರುಗೋವಷ್ಟರಲ್ಲಿ ಮೂತಿಗೆ ಹಸಿವಾಗುತ್ತೆ.'" ನಗು ಅರ್ಧಕ್ಕೇ ನಿಲ್ಲುತ್ತದೆ. ಉದ್ದದ ಗಾಡಿಗೆ ದೂರದ ಬಾಡಿಗೆ. ಅವರು ಮನೆಗೆ ಬರುವುದು ತಿಂಗಳಿಗೊಮ್ಮೆ. ಗುರುವಾರ ಬೆಳಿಗ್ಗೆ ಈಗಲೂ ಹಾದುಹೋಗುತ್ತಾರೆ, ಆದರೆ ಊರಾಚೆಯ ಆ ರಸ್ತೆಯಲ್ಲಿ. ಟೇಪಕ್ಕ ಬಯಲಿನಾಚೆ ಸರಿಯುವ ದೀಪಗಳನ್ನು ನೋಡುತ್ತ ನಿಲ್ಲುತ್ತಾರೆ. ಯಾವುದು ಅವರದೆಂದು ಇಲ್ಲಿಂದ ತಿಳಿಯುವುದಿಲ್ಲ.

ಆ ರಸ್ತೆಯ ಗೇಟಿಗೆ ವರ್ಗ ಕೇಳಿದರು. ಅಲ್ಲಿ ಓಡುವ ಗಾಡಿಯನ್ನೇ ಕ್ಯಾಮೆರಾ ಅಳೆಯುತ್ತದೆ, ಆಳು ಬೇಡ ಎಂಬ ಉತ್ತರ ಬಂತು. ಆದರೆ ಕ್ಯಾಮೆರಾ ಸರಿಯಾಗಿದೆಯೇ ಎಂದು ತಿಂಗಳಿಗೊಮ್ಮೆ ಒಂದು ಟ್ರೈಲರು ನಿಲ್ಲಿಸಿ ಕೈಯಿಂದ ಅಳೆದು ನೋಡಬೇಕಂತೆ. ಆ ಕೆಲಸ ತನಗೇ ಕೊಡಿ, ಗುರುವಾರ ಬೆಳಿಗ್ಗೆಯೇ ಇರಲಿ ಎಂದು ಟೇಪಕ್ಕ ಅರ್ಜಿ ಬರೆದುಕೊಟ್ಟಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.

ಟೇಪನ್ನು ಬಟ್ಟೆಯಿಂದ ಒರೆಸಿ ಸುತ್ತುತ್ತ ಹೇಳುತ್ತಾರೆ: "ಅಳತೇಲಿ ಒಂದು ಬೆರಳೂ ಆಚೀಚೆ ಮಾಡಲ್ಲ. ಸ್ವಲ್ಪ ನಿಧಾನ ಮಾಡ್ತೀನಿ, ಅಷ್ಟೇ."